‘ಅಪೆಂಡ್’ ಇಲ್ಲ ಎಂದ ಪಾಂಡಾಸ್, ಜೂನ್‌ನಿಂದ ಮಾರ್ಚ್‌ಗೆ ಹೋದ ಮಳೆ

ಕಾಫಿ ತೋಟಗಳ ಮಳೆ ಲೆಕ್ಕ ಹಾಕುವ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಲ್ಯಾಪ್‌ಟಾಪ್ ಮಾತ್ರ. ಹಳೆಯದು ಕೆಟ್ಟು ನಿಂತಿತ್ತು. ಹೊಸದರಲ್ಲಿ ತೋಟದವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.12 ವರ್ಷನ್ ಹಾಕಿ, ಬೇಕಾದ ಲೈಬ್ರರಿಗಳನ್ನೆಲ್ಲ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆಗ ಸಿಕ್ಕ ಹೊಸ ವರ್ಷನ್‌ನಲ್ಲೇ ಇಳಿಸಿಕೊಂಡಿದ್ದರು. ಓಡಿಸಿದ ಕೂಡಲೇ ಎರರ್. ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿಯಲ್ಲಿ ‘ಫ್ಲೋಟ್’ ಅನ್ನುವುದು ಇಲ್ಲವಂತೆ. ಅದನ್ನು ಸರಿ ಮಾಡಿದರೆ ಪಾಂಡಾಸ್ ಲೈಬ್ರರಿಯ ಡೇಟಾಫ್ರೇಮ್‌ನಲ್ಲಿ, ಅಂದರೆ ಸಾಲು-ಕಾಲಂಗಳ ಕೋಷ್ಟಕದಲ್ಲಿ, ಸಾಲು ಸೇರಿಸುವ ‘ಅಪೆಂಡ್’ ಇಲ್ಲ. ಅದನ್ನೂ ದಾಟಿದರೆ ಕಾಲಂಗಳನ್ನು ಒಂದೊಂದಾಗಿ ಕೊಡುವ ‘ಇಟರ್‌ಐಟಮ್ಸ್’ ಇಲ್ಲ. ಹೀಗೆ ಒಂದಾದ ಮೇಲೊಂದು.

ಕೆಲಸ ಏನೆಂದರೆ ಮಳೆ ಲೆಕ್ಕ. ಮೂಡಿಗೆರೆ ಕಡೆಯ ಕೆಲವು ಕಾಫಿ ತೋಟದವರು, ಜೊತೆಗೆ ಮಡಿಕೇರಿ ಹತ್ತಿರದ ಒಂದು ತೋಟದವರು, ತಮ್ಮ ಮಳೆ ಪುಸ್ತಕಗಳನ್ನು ಒಟ್ಟು ಸೇರಿಸಿ ಕಂಪ್ಯೂಟರ್‌ಗೆ ಹಾಕಿಸಿಕೊಂಡಿದ್ದರು. ಮಲೆನಾಡಿನ ತೋಟಗಳಲ್ಲಿ ಇದು ಹಳೇ ಅಭ್ಯಾಸ. ಬೆಳಿಗ್ಗೆ ಎದ್ದು ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಬರೆದಿಡುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಆ ಅಂಕಿಗಳನ್ನು ತೆಗೆದುಕೊಂಡು ತಿಂಗಳ ಮಳೆ, ಮಳೆ ನಕ್ಷತ್ರದ ಪ್ರಕಾರ ಮಳೆ, ಹೂಮಳೆ ಬಿದ್ದ ತಾರೀಕು, ಹೀಗೆ ಕೆಲವು ಪಟ್ಟಿ ಮತ್ತು ಗ್ರಾಫ್ ಕೊಡುವ ಒಂದು ಪ್ರೋಗ್ರಾಮ್ ಅನ್ನು 2021ರಲ್ಲಿ ಒಬ್ಬ ವಿದ್ಯಾರ್ಥಿ ಬರೆದುಕೊಟ್ಟಿದ್ದ. ಚೆನ್ನಾಗಿ ಬರೆದಿದ್ದ. ಆಮೇಲೆ ಅವನು ಕೆಲಸ ಸಿಕ್ಕಿ ಹೋದ. ಪ್ರೋಗ್ರಾಮ್ ನಿಂತ ಮೇಲೆ ಅದು ನನ್ನ ಕೈಗೆ ಬಂತು.

ಲೈಬ್ರರಿಗಳಲ್ಲಿ ಇಂಥದ್ದು ಯಾಕಾಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ಸೌಲಭ್ಯ ಸರಿ ಇಲ್ಲ ಅಂತ ಅದನ್ನು ಮಾಡಿದವರಿಗೆ ಅನ್ನಿಸಿದರೆ ಅವರು ಅದನ್ನು ಕೂಡಲೇ ಕಿತ್ತುಹಾಕುವುದಿಲ್ಲ. ಮೊದಲು ‘ಡೆಪ್ರಿಕೇಟ್’ ಮಾಡುತ್ತಾರೆ. ಇದು ಇನ್ನೂ ಕೆಲಸ ಮಾಡುತ್ತದೆ, ಆದರೆ ಮುಂದೆ ಇರುವುದಿಲ್ಲ, ಇದರ ಬದಲು ಅದನ್ನು ಬಳಸಿ ಎಂದು ಒಂದು ವಾರ್ನಿಂಗ್ ಬರುತ್ತದೆ. ಕೆಲವು ಕಾಲ ಕಳೆದ ಮೇಲೆ ನಿಜವಾಗಿಯೂ ತೆಗೆಯುತ್ತಾರೆ. ನಂಪೈಯ ‘ಫ್ಲೋಟ್’ಗೆ 2021ರ ಜನವರಿಯಲ್ಲಿ ಬಂದ 1.20 ವರ್ಷನ್‌ನಿಂದಲೇ ವಾರ್ನಿಂಗ್ ಇತ್ತು. ತೆಗೆದದ್ದು 2022ರ ಡಿಸೆಂಬರ್‌ನ 1.24ರಲ್ಲಿ. ಪಾಂಡಾಸ್‌ನ ‘ಅಪೆಂಡ್’ಗೆ 2022ರ ಜನವರಿಯ 1.4ರಲ್ಲಿ ವಾರ್ನಿಂಗ್ ಹಾಕಿ, 2023ರ ಏಪ್ರಿಲ್‌ನ 2.0ರಲ್ಲಿ ತೆಗೆದರು. ಅಂದರೆ ಸುಮಾರಾಗಿಯೇ ಸಮಯ ಕೊಟ್ಟಿದ್ದರು.

ಹಾಗಾದರೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಪ್ರೋಗ್ರಾಮ್ ಇದ್ದದ್ದು ಜುಪಿಟರ್ ನೋಟ್‌ಬುಕ್‌ನಲ್ಲಿ, ಅಂದರೆ ಕೋಡ್ ಮತ್ತು ಅದರ ಫಲಿತಾಂಶ ಒಟ್ಟಿಗೇ ಕಾಣುವ ಫೈಲ್‌ನಲ್ಲಿ. ಅದರ ಮೊದಲ ಸಾಲುಗಳಲ್ಲೇ ಉತ್ತರ ಇತ್ತು. ಎಲ್ಲ ವಾರ್ನಿಂಗ್‌ಗಳನ್ನೂ ತೋರಿಸಬೇಡ ಅನ್ನುವ ಒಂದು ಸಾಲು ಅಲ್ಲಿತ್ತು. ಜುಪಿಟರ್‌ನಲ್ಲಿ ವಾರ್ನಿಂಗ್‌ಗಳು ಗುಲಾಬಿ ಬಣ್ಣದ ಪಟ್ಟಿಯಲ್ಲಿ ಉದ್ದುದ್ದ ಬರುತ್ತವೆ. ಪಟ್ಟಿ, ಗ್ರಾಫ್ ನೋಡಬೇಕಾದವರಿಗೆ ಅದು ಅಡ್ಡ ಬರುತ್ತದೆ ಅಂತ ಹಾಕಿದ್ದಿರಬೇಕು. ಈ ಸಾಲು ನಾನು ನೋಡಿದ ಎಷ್ಟೋ ನೋಟ್‌ಬುಕ್‌ಗಳಲ್ಲಿ ಇದೆ. ಇದರ ಜೊತೆಗೆ ಪೈಥಾನ್‌ನದ್ದೇ ಒಂದು ಗುಣ ಸೇರಿಕೊಳ್ಳುತ್ತದೆ. ‘ಡೆಪ್ರಿಕೇಶನ್ ವಾರ್ನಿಂಗ್’ ಅನ್ನುವ ಜಾತಿಯ ಎಚ್ಚರಿಕೆಯನ್ನು ಅದು ಎಲ್ಲ ಕಡೆ ತೋರಿಸುವುದಿಲ್ಲ. ನೀವು ನೇರವಾಗಿ ಓಡಿಸುವ ಫೈಲ್‌ನಲ್ಲಿ ಇದ್ದರೆ ತೋರಿಸುತ್ತದೆ. ಅಲ್ಲಿಂದ ಇಂಪೋರ್ಟ್ ಮಾಡಿಕೊಂಡ ಇನ್ನೊಂದು ಫೈಲ್‌ನಲ್ಲಿ ಇದ್ದರೆ ಸುಮ್ನೆ ಇರುತ್ತದೆ. 3.7ರಿಂದ ಹೀಗೆಯೇ ನಡೆದುಬಂದಿದೆ. ನಮ್ಮ ಪ್ರೋಗ್ರಾಮ್‌ನಲ್ಲಿ ಇಂಚನ್ನು ಮಿಲಿಮೀಟರ್ ಮಾಡುವ ಕೋಡ್ ಬೇರೆ ಫೈಲ್‌ನಲ್ಲಿತ್ತು. ‘ಫ್ಲೋಟ್’ ಇದ್ದದ್ದೂ ಅಲ್ಲೇ.

ಇಂಥ ಕೆಲಸ ಬಂದಾಗ ಜನ ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ. ಒಂದು, ಹಳೇ ವರ್ಷನ್ ವಾಪಸ್ ಹಾಕಿಬಿಡು. ಇನ್ನೊಂದು, ಎರರ್ ಬಂದ ಸಾಲನ್ನೇ ಹುಡುಕಿ, ಸಿಕ್ಕ ಉತ್ತರ ಅಂಟಿಸಿ ಮುಂದಕ್ಕೆ ಹೋಗು.

ಮೊದಲನೆಯದು ಇಲ್ಲಿ ನೇರವಾಗಿ ಆಗುವುದೇ ಇಲ್ಲ. ಪೈಥಾನ್ 3.12ಕ್ಕೆ 2021ರ ಹೊತ್ತಿನ ಪಾಂಡಾಸ್ 1.3ರ ಸಿದ್ಧ ಪ್ಯಾಕೇಜ್ ಇಲ್ಲ. ಇನ್‌ಸ್ಟಾಲ್ ಮಾಡಹೊರಟರೆ ಪೈಥಾನ್‌ನ ಪ್ಯಾಕೇಜ್ ಇಳಿಸುವ ಟೂಲ್ ಪಿಪ್ ಅದನ್ನು ಮೂಲ ಕೋಡ್‌ನಿಂದ ಕಟ್ಟಲು ಹೋಗುತ್ತದೆ. ತುಂಬಾ ಹೊತ್ತು ಏನೇನೋ ಬರೆದು ಕೊನೆಗೆ ಬಿದ್ದುಹೋಗುತ್ತದೆ. ಹಳೇ ಪ್ಯಾಕೇಜ್‌ಗಳು ಕಟ್ಟಲು ನೆಚ್ಚಿಕೊಂಡಿದ್ದ ‘ಡಿಸ್ಟ್‌ಯುಟಿಲ್ಸ್’ ಅನ್ನೇ 3.12ರಲ್ಲಿ ತೆಗೆದಿದ್ದಾರೆ. ಪಾಂಡಾಸ್ ಹಿಂದಕ್ಕೆ ಹೋಗಬೇಕಾದರೆ ಪೈಥಾನ್ ಕೂಡ ಹಿಂದಕ್ಕೆ ಹೋಗಬೇಕು.

ಎರಡನೆಯದರಲ್ಲಿ ಅಪಾಯ ಇದೆ. ಅದು ಎಷ್ಟು ದೊಡ್ಡದು ಅನ್ನುವುದು ಇದೇ ಕೆಲಸದಲ್ಲಿ ಗೊತ್ತಾಯಿತು. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಹೀಗೆ. ಮೊದಲು ಹಳೇ ಪರಿಸರವನ್ನು, ಅಂದರೆ ಆಗಿದ್ದ ಪೈಥಾನ್ ಮತ್ತು ಲೈಬ್ರರಿಗಳ ವರ್ಷನ್‌ಗಳನ್ನು, ಮತ್ತೆ ಕಟ್ಟಿದೆ. ಯಾವ ಲೈಬ್ರರಿ ಯಾವ ವರ್ಷನ್ ಇತ್ತು ಅಂತ ಎಲ್ಲೂ ಬರೆದಿರಲಿಲ್ಲ. ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಬರೀ ಹೆಸರುಗಳು. ಆದರೆ ಜುಪಿಟರ್ ನೋಟ್‌ಬುಕ್ ಫೈಲನ್ನು ಸಾದಾ ಎಡಿಟರ್‌ನಲ್ಲಿ ತೆರೆದು ಕೊನೆಯವರೆಗೆ ಹೋದರೆ, ಅದನ್ನು ಯಾವ ಪೈಥಾನ್‌ನಲ್ಲಿ ಓಡಿಸಿದ್ದರು ಅನ್ನುವುದು ದಾಖಲಾಗಿರುತ್ತದೆ. ಇದರಲ್ಲಿ 3.8 ಅಂತ ಇತ್ತು. ಇನ್ನು ಲೈಬ್ರರಿಗಳು. ‘ಯುವಿ’ ಅನ್ನುವ ಪ್ಯಾಕೇಜ್ ಟೂಲ್‌ನಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ. ಇಂಥ ತಾರೀಕಿನ ನಂತರ ಬಂದ ಯಾವ ಪ್ಯಾಕೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳಬಹುದು. ಕೋಡ್ ಬರೆದು ಮುಗಿಸಿದ್ದು 2021ರ ಆಗಸ್ಟ್ ಹೊತ್ತಿಗೆ. ಆ ತಿಂಗಳ ಕೊನೆಯ ತಾರೀಕು ಕೊಟ್ಟೆ. ಪಾಂಡಾಸ್ 1.3, ನಂಪೈ 1.21 ಬಂದು ಕೂತವು. ಕೋಡ್ ಓಡಿತು. ಹಳೇ ರಿಪೋರ್ಟ್‌ಗಳಲ್ಲಿದ್ದ ಅಂಕಿಗಳೇ ಬಂದವು.

ಈ ಫಲಿತಾಂಶವನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟು ಬೀಗ ಹಾಕಿದ ಹಾಗೆ ಮಾಡಿದೆ. ಮುಂದೆ ಏನೇ ಬದಲಿಸಿದರೂ ಇದರ ಜೊತೆ ಹೋಲಿಸಬೇಕು. ಅಂಕಿ ಒಂದು ಸೆಂಟ್ ಆಚೀಚೆ ಆದರೂ ಯಾಕೆ ಅಂತ ತಿಳಿಯದೆ ಮುಂದಕ್ಕೆ ಹೋಗುವ ಹಾಗಿಲ್ಲ. ಕೋಡ್ ಓಡುತ್ತದೆ ಅನ್ನುವುದು ಒಂದು ಮಾತು, ಅದೇ ಉತ್ತರ ಕೊಡುತ್ತದೆ ಅನ್ನುವುದು ಬೇರೆ ಮಾತು ಅಲ್ವಾ?

ಆಮೇಲೆ ಒಂದೇ ಸಲ ಮೇಲಕ್ಕೆ ಹಾರದೆ ನಡುವೆ ಒಂದು ಮೆಟ್ಟಿಲು ನಿಂತೆ. ಪಾಂಡಾಸ್ 1.5.3. ಇದು 2.0ಕ್ಕೆ ಮುಂಚಿನ ಕೊನೆಯ ವರ್ಷನ್. ಇದರಲ್ಲಿ ಹಳೆಯದು ಯಾವುದನ್ನೂ ಇನ್ನೂ ತೆಗೆದಿಲ್ಲ, ಆದರೆ 2.0ರಲ್ಲಿ ಹೋಗಲಿರುವ ಹೆಚ್ಚುಕಡಿಮೆ ಎಲ್ಲದಕ್ಕೂ ವಾರ್ನಿಂಗ್ ಇದೆ. ಅಂದರೆ ಕೋಡ್ ಓಡುತ್ತಲೂ ಇರುತ್ತದೆ, ಎಲ್ಲೆಲ್ಲಿ ಕೈ ಹಾಕಬೇಕು ಅನ್ನುವುದನ್ನೂ ಹೇಳುತ್ತದೆ. ನಂಪೈಯನ್ನೂ 1.23ರಲ್ಲೇ ನಿಲ್ಲಿಸಿದೆ, ಅದೇ ಕಾರಣಕ್ಕೆ. ಬಾಯಿ ಮುಚ್ಚಿಸುವ ಆ ಸಾಲನ್ನು ತೆಗೆದೆ. ಪೈಥಾನ್‌ಗೆ ಡ್ಯಾಶ್ ಡಬ್ಲ್ಯು ಆಯ್ಕೆ ಕೊಟ್ಟು ಎಲ್ಲ ಜಾತಿಯ ವಾರ್ನಿಂಗನ್ನೂ ತೋರಿಸು ಅಂದೆ. ಬಂದದ್ದನ್ನೆಲ್ಲ ಒಂದು ಫೈಲ್‌ಗೆ ಹರಿಸಿದೆ.

ನೂರಾರು ಸಾಲು ಬಂತು. ನೋಡಿದರೆ ಗಾಬರಿ ಆಗುತ್ತದೆ, ಆದರೆ ಹೆಚ್ಚಿನವು ಒಂದೇ ಸಾಲಿನದ್ದು ಲೂಪ್‌ನಲ್ಲಿ ಮತ್ತೆ ಮತ್ತೆ ಬಂದಿರುತ್ತವೆ. ಫೈಲ್ ಹೆಸರು, ಸಾಲಿನ ನಂಬರ್ ನೋಡಿ ಒಂದೇ ಥರದವನ್ನು ಸೇರಿಸಿದರೆ ಉಳಿಯುವುದು ಬೆರಳೆಣಿಕೆ.

ಸುಲಭದವು ಬೇಗ ಮುಗಿದವು. ನಂಪೈಯ ‘ಫ್ಲೋಟ್’, ‘ಇಂಟ್’ ಇವೆಲ್ಲ ಪೈಥಾನ್‌ನ ಸ್ವಂತ ‘ಫ್ಲೋಟ್’, ‘ಇಂಟ್’ಗೆ ಇನ್ನೊಂದು ಹೆಸರು ಅಷ್ಟೇ. ಹೆಸರಿನ ಮುಂದೆ ನಂಪೈಯನ್ನು ಸೂಚಿಸುವ ‘ಎನ್‌ಪಿ ಡಾಟ್’ ಅಳಿಸಿದರೆ ಆಯಿತು. ‘ಇಟರ್‌ಐಟಮ್ಸ್’ ಬದಲು ‘ಐಟಮ್ಸ್’. ಗ್ರಾಫ್‌ನ ಕಡೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಸೀಬಾರ್ನ್’ ಅಂತ ಶುರುವಾಗುವ ಸ್ಟೈಲ್ ಹೆಸರುಗಳೆಲ್ಲ ಬದಲಾಗಿ, ನಡುವೆ ಒಂದು ವರ್ಷನ್ ನಂಬರ್ ಸೇರಿಕೊಂಡಿದೆ. ಅದನ್ನೂ ಹಾಗೇ ಬದಲಿಸಿದೆ.

‘ಅಪೆಂಡ್’ ಬಗ್ಗೆ ಸ್ವಲ್ಪ ಹೇಳಬೇಕು. ಅದನ್ನು ತೆಗೆದದ್ದಕ್ಕೆ ಬೇಜಾರು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಕೋಡ್ ಓದಲು ಚೆಂದ ಇತ್ತು, ನಿಜ. ಆದರೆ ಅದು ಮಾಡುತ್ತಿದ್ದ ಕೆಲಸ ನೋಡಿ. ಪೈಥಾನ್ ಲಿಸ್ಟ್‌ಗೆ ಅಪೆಂಡ್ ಮಾಡಿದರೆ ಇದ್ದ ಲಿಸ್ಟ್‌ಗೇ ಒಂದು ಸೇರುತ್ತದೆ. ಡೇಟಾಫ್ರೇಮ್‌ಗೆ ಅಪೆಂಡ್ ಮಾಡಿದರೆ ಇಡೀ ಫ್ರೇಮಿನ ನಕಲು ತೆಗೆದು, ಅದಕ್ಕೆ ಒಂದು ಸಾಲು ಸೇರಿಸಿ, ಹೊಸ ಫ್ರೇಮ್ ಕೊಡುತ್ತಿತ್ತು. ನಮ್ಮ ಪ್ರೋಗ್ರಾಮ್ ದಿನಕ್ಕೊಂದು ಸಾಲಿನಂತೆ, ವರ್ಷಗಟ್ಟಲೆ ದಾಖಲೆಯನ್ನು, ಪ್ರತಿ ತೋಟಕ್ಕೂ ಹೀಗೇ ಕಟ್ಟುತ್ತಿತ್ತು. ಅಂದರೆ ಸಾಲು ಹೆಚ್ಚಾದ ಹಾಗೆ ನಕಲು ಮಾಡುವ ಕೆಲಸವೂ ಹೆಚ್ಚುತ್ತಿತ್ತು. ಈಗ ಸಾಲುಗಳನ್ನೆಲ್ಲ ಒಂದು ಲಿಸ್ಟ್‌ನಲ್ಲಿ ಕೂಡಿಹಾಕಿ, ಕೊನೆಗೆ ಒಂದೇ ಸಲ ಫ್ರೇಮ್ ಮಾಡಿದೆ. ಬೇರೆ ಬೇರೆ ತೋಟದ ಫ್ರೇಮ್‌ಗಳನ್ನು ಜೋಡಿಸಲು ‘ಕಾನ್ಕ್ಯಾಟ್’. ಮುಂಚೆ ಓಡಿಸಿ ಕಾಫಿ ಕುಡಿದು ಬರಬೇಕಿತ್ತು, ಈಗ ಕೂತಲ್ಲೇ ಮುಗಿಯುತ್ತದೆ. ತೆಗೆದವರು ಸರಿಯಾಗೇ ತೆಗೆದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿಯವರೆಗಿನದ್ದೆಲ್ಲ ಹೊಸ ವರ್ಷನ್‌ನಲ್ಲಿ ಕೂಗಿ ಹೇಳುವ ತಪ್ಪುಗಳು. ಎರರ್ ಬರುತ್ತದೆ, ಪ್ರೋಗ್ರಾಮ್ ನಿಲ್ಲುತ್ತದೆ, ನೀವು ನೋಡಲೇಬೇಕಾಗುತ್ತದೆ. ಕೂಗದೇ ಇರುವವು ಬೇರೆ ಇವೆ.

ಅದರಲ್ಲಿ ಒಂದು, ಸಾಲುಗಳನ್ನು ಗುಂಪು ಮಾಡಿ ಲೆಕ್ಕ ಕೊಡುವ ‘ಗ್ರೂಪ್‌ಬೈ’. ತಿಂಗಳವಾರು ಮೊತ್ತ ತೆಗೆಯುವಾಗ ಪಾಂಡಾಸ್ 1.3 ಅಂಕಿ ಅಲ್ಲದ ಕಾಲಂಗಳನ್ನು ತಾನೇ ಬಿಟ್ಟುಬಿಡುತ್ತಿತ್ತು. ತೋಟದ ಹೆಸರು, ಹೋಬಳಿ, ಷರಾ, ಇವನ್ನು ಕೂಡಿಸಲು ಆಗಲ್ಲವಲ್ಲ, ಹಾಗಾಗಿ ಬಿಡು ಅಂತ. 2.0ರಿಂದ ಆ ಔದಾರ್ಯ ಇಲ್ಲ. ನೀವು ಹೇಳದಿದ್ದರೆ ಎಲ್ಲ ಕಾಲಂಗೂ ಕೂಡಿಸುತ್ತದೆ. ಅಕ್ಷರಗಳನ್ನು ಕೂಡಿಸುವುದು ಅಂದರೆ ಒಂದರ ಪಕ್ಕ ಒಂದು ಅಂಟಿಸುವುದು. ಸುಮ್ನೆ ನೋಡೋಣ ಅಂತ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದಾಗ ಜೂನ್ ತಿಂಗಳ ಸಾಲಿನಲ್ಲಿ ಹೋಬಳಿ ಕಾಲಂ ಹೀಗೆ ಬಂದಿತ್ತು: ಬಣಕಲ್‌ಬಣಕಲ್‌ಬಣಕಲ್‌ಬಣಕಲ್, ಹೀಗೇ ಮೂವತ್ತು ಸಲ. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಸರಾಸರಿ ತೆಗೆಯಲು ಹೋದರೆ ಮಾತ್ರ ಇದು ಅಂಕಿಯಲ್ಲ ಎಂಬರ್ಥದ ‘ಟೈಪ್ ಎರರ್’ ಕೊಟ್ಟು ನಿಲ್ಲುತ್ತದೆ. 1.5.3ರಲ್ಲಿ ಇದಕ್ಕೆ ವಾರ್ನಿಂಗ್ ಇದೆ, ಯಾವ ಕಾಲಂ ಬೇಕೋ ನೀವೇ ಹೇಳಿ ಅಂತ. ಮಳೆಯ ಕಾಲಂ ಹೆಸರನ್ನು ಎಲ್ಲ ಕಡೆ ಬರೆದೆ. ನಡುವಿನ ಮೆಟ್ಟಿಲು ಹತ್ತದೆ ನೇರ ಹೊಸ ಲ್ಯಾಪ್‌ಟಾಪ್‌ನಲ್ಲಿದ್ದ 2.2ಕ್ಕೆ ಹೋಗಿದ್ದರೆ ಈ ಎಚ್ಚರಿಕೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಇನ್ನೊಂದು ತಾರೀಕು. ಇಡೀ ಕೆಲಸದ ತಿರುಳು ಇದೇ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಬಂದ ಎರರ್‌ಗಳ ಸಾಲಿನಲ್ಲಿ ಒಂದು ವಿಚಿತ್ರದ್ದಿತ್ತು. ತಾರೀಕಿನ ಕಾಲಂನಿಂದ ತಿಂಗಳು ತೆಗೆಯುವ ಕಡೆ, ಇದು ತಾರೀಕೇ ಅಲ್ಲ, ನಾನು ತಿಂಗಳು ಎಲ್ಲಿಂದ ಕೊಡಲಿ ಎಂಬ ಅರ್ಥದ ಎರರ್. ಫೈಲ್ ಓದುವಾಗಲೇ ಆ ಕಾಲಂ ತಾರೀಕು ಅಂತ ಹೇಳಿತ್ತು. ಓದುವಾಗ ಏನೂ ತಕರಾರು ಬಂದಿರಲಿಲ್ಲ. ಪಾಂಡಾಸ್‌ನ ಸಿಎಸ್‌ವಿ (ಕಾಮಾ ಹಾಕಿ ಕಾಲಂ ಬೇರ್ಪಡಿಸಿದ ಫೈಲ್) ಓದುವ ಫಂಕ್ಷನ್ ಹೀಗೆಯೇ. ಕಾಲಂನಲ್ಲಿ ಯಾವುದೋ ಒಂದು ತಾರೀಕು ಅರ್ಥವಾಗದಿದ್ದರೆ ಇಡೀ ಕಾಲಂ ಅನ್ನು ಅಕ್ಷರವಾಗಿಯೇ ಬಿಟ್ಟು ಸುಮ್ಮನಾಗುತ್ತದೆ. ತಪ್ಪು ಆದ ಜಾಗ ಒಂದು, ಎರರ್ ಬರುವ ಜಾಗ ಇನ್ನೊಂದು.

ತಾರೀಕು ಬದಲಿಸುವ ಕೆಲಸವನ್ನು ‘ಟು ಡೇಟ್‌ಟೈಮ್’ಗೆ ನೇರವಾಗಿ ಕೊಟ್ಟೆ. ಆಗ ನಿಜವಾದ ದೂರು ಹೊರಬಂತು. 13/01/2015 ಅನ್ನುವುದು ತಿಂಗಳು/ದಿನ/ವರ್ಷ ಅನ್ನುವ ಫಾರ್ಮ್ಯಾಟ್‌ಗೆ ಹೊಂದುವುದಿಲ್ಲ, ಪೊಸಿಶನ್ 12. ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ, ಹಾಗಾಗಿ 12 ಅಂದರೆ ಹದಿಮೂರನೇ ಸಾಲು. ಅಂದರೆ ಜನವರಿ ಒಂದರಿಂದ ಹನ್ನೆರಡರವರೆಗೆ ಅದಕ್ಕೆ ಯಾವ ತೊಂದರೆಯೂ ಆಗಿರಲಿಲ್ಲ! ಹದಿಮೂರಕ್ಕೆ ಬಂದಾಗ ಹದಿಮೂರನೇ ತಿಂಗಳು ಎಲ್ಲಿದೆ ಅಂತ ನಿಂತಿತ್ತು.

ಪಾಂಡಾಸ್ 2.0ರಲ್ಲಿ ಬದಲಾದದ್ದು ಇಷ್ಟು. ಮೊದಲ ತಾರೀಕನ್ನು ನೋಡಿ ಫಾರ್ಮ್ಯಾಟ್ ಊಹಿಸುತ್ತದೆ. ಆ ಊಹೆಯನ್ನೇ ಇಡೀ ಕಾಲಂಗೆ ಹಿಡಿಯುತ್ತದೆ. 01/01 ನೋಡಿದರೆ ಎರಡೂ ಥರ ಓದಬಹುದು. ನೀವು ಏನೂ ಹೇಳದಿದ್ದರೆ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಅಂದುಕೊಳ್ಳುತ್ತದೆ. ಹೊಂದದ ಸಾಲು ಸಿಕ್ಕರೆ ನಿಲ್ಲುತ್ತದೆ.

ಹಾಗಾದರೆ ಇಷ್ಟು ವರ್ಷ ಹಳೇ ಪಾಂಡಾಸ್ ಏನು ಮಾಡುತ್ತಿತ್ತು? ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. 13/01 ಬಂದರೆ ಹದಿಮೂರನೇ ತಿಂಗಳು ಇಲ್ಲ, ಹಾಗಾಗಿ ಜನವರಿ 13. ಸರಿ. ಆದರೆ 01/06 ಬಂದರೆ? ಜೂನ್ 1 ಅಲ್ಲ, ಜನವರಿ 6. 03/07 ಬಂದರೆ ಜುಲೈ 3 ಅಲ್ಲ, ಮಾರ್ಚ್ 7.

ಇದು ಹೊಳೆದಾಗ ನಾನು ಬೇರೆಲ್ಲ ಕೆಲಸ ಬಿಟ್ಟು ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಕ್ಕೆ ಈ ಗೊಂದಲ ಇದೆ. ಹನ್ನೆರಡು ತಿಂಗಳಿಗೆ 144 ದಿನ. ಅದರಲ್ಲಿ 1/1, 2/2, 3/3 ಹೀಗೆ ಹನ್ನೆರಡು ದಿನ ತಿರುಗಿಸಿದರೂ ಅದೇ. ಉಳಿದದ್ದು 132. ವರ್ಷದ 132 ದಿನದ ಮಳೆ ಬೇರೆ ತಾರೀಕಿಗೆ ಹೋಗಿತ್ತು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಇದು ಯಾರ ಕಣ್ಣಿಗೂ ಬೀಳದ್ದಕ್ಕೆ ಗಟ್ಟಿ ಕಾರಣ ಇದೆ. ದಿನ ಮತ್ತು ತಿಂಗಳು ಅದಲು ಬದಲಾದರೂ ವರ್ಷ ಅದೇ ಇರುತ್ತದೆ. ಹಾಗಾಗಿ ವರ್ಷದ ಒಟ್ಟು ಮಳೆ ಪುಸ್ತಕದ ಜೊತೆ ತಾಳೆಯಾಗುತ್ತಿತ್ತು. ಜೂನ್ 1 ಜನವರಿ 6ಕ್ಕೆ ಹೋದರೆ ಜನವರಿ 6 ಜೂನ್ 1ಕ್ಕೆ ಬರುತ್ತದೆ. ಹಾಗಾಗಿ ಯಾವ ದಿನವೂ ಎರಡು ಸಲ ಬರುವುದಿಲ್ಲ, ಯಾವ ದಿನವೂ ಖಾಲಿ ಬೀಳುವುದಿಲ್ಲ. ಸಾಮಾನ್ಯವಾಗಿ ಡೇಟಾ ಸರಿ ಇದೆಯಾ ಅಂತ ನೋಡುವ ಎಲ್ಲ ಪರೀಕ್ಷೆಯೂ ಪಾಸ್. ಮಡಿಕೇರಿ ಕಡೆಯ ತೋಟದವರು 2018ರ ಆಗಸ್ಟ್ ನೋಡಿ ಸರಿ ಇದೆ ಅಂದಿದ್ದರಂತೆ. ಕೊಡಗಿನಲ್ಲಿ ಗುಡ್ಡ ಕುಸಿದ ಆ ಮಳೆ ಬಿದ್ದದ್ದು ಆಗಸ್ಟ್ ಮಧ್ಯದಲ್ಲಿ. ತಾರೀಕು ಹನ್ನೆರಡು ದಾಟಿತ್ತು. ಹಾಗಾಗಿ ಅದು ಇದ್ದಲ್ಲೇ ಇತ್ತು.

2019ರದ್ದು ಹಾಗಲ್ಲ. ಆ ವರ್ಷ ಆಗಸ್ಟ್ ಮೊದಲ ಭಾಗದಲ್ಲೇ ಮೂಡಿಗೆರೆ ಸೀಮೆಯಲ್ಲಿ ಮಳೆ ಸುರಿದು ಚಾರ್ಮಾಡಿ ಘಾಟಿಯೇ ಬಂದ್ ಆಗಿತ್ತು. ಅಲ್ಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಪಟ್ಟಿಯಲ್ಲಿ ಆ ವಾರ ಚೂರುಚೂರಾಗಿತ್ತು. ಆಗಸ್ಟ್ 6ರ ಮಳೆ ಜೂನ್ 8ಕ್ಕೆ, 7ರದ್ದು ಜುಲೈ 8ಕ್ಕೆ, 9ರದ್ದು ಸೆಪ್ಟೆಂಬರ್ 8ಕ್ಕೆ, 10ರದ್ದು ಅಕ್ಟೋಬರ್ 8ಕ್ಕೆ. ಆಗಸ್ಟ್ 8 ಮಾತ್ರ ತಿರುಗಿಸಿದರೂ ಅದೇ ಆದ್ದರಿಂದ ಒಂಟಿಯಾಗಿ ಉಳಿದಿತ್ತು. ಗ್ರಾಫ್‌ನಲ್ಲಿ ಒಂದು ದಿನ ಮಾತ್ರ ಜೋರು ಮಳೆ ಬಂದು ಮರುದಿನ ಬಿಸಿಲು ಬಿದ್ದ ಹಾಗೆ.

ಹೂಮಳೆ ಪಟ್ಟಿ ಇನ್ನೂ ಕೆಟ್ಟದ್ದಾಗಿತ್ತು. ಕಾಫಿ ಹೂ ಅರಳಲು ಬೇಸಿಗೆಯಲ್ಲಿ ಒಂದು ಒಳ್ಳೇ ಮಳೆ ಬೇಕು, ಅದೇ ಹೂಮಳೆ. ಫಸಲಿನ ಲೆಕ್ಕ ಶುರುವಾಗುವುದೇ ಅಲ್ಲಿಂದ. ಜೂನ್ 3, ಜುಲೈ 3, ಆಗಸ್ಟ್ 3ರ ಮುಂಗಾರು ಮಳೆ ಪಟ್ಟಿಯಲ್ಲಿ ಮಾರ್ಚ್ 6, 7, 8ಕ್ಕೆ ಬಂದು ಕೂತಿತ್ತು. ಹಾಗಾಗಿ ವರ್ಷ ವರ್ಷವೂ ಮಾರ್ಚ್ ಮೊದಲ ವಾರದ ಹೊತ್ತಿಗೆ ಇಲ್ಲಿ ಹೂಮಳೆ ಬಿದ್ದೇ ಬೀಳುತ್ತದೆ ಅನ್ನುವ ಹಾಗೆ ಕಾಣುತ್ತಿತ್ತು. ಮೂಡಿಗೆರೆಯ ಒಬ್ಬ ಹಿರಿಯ ಬೆಳೆಗಾರರಿಗೆ ಫೋನ್ ಮಾಡಿ, ‘ಗೌಡ್ರೆ, ಈ ಹೂಮಳೆ ತಾರೀಕು ನೋಡಿದಾಗ ನಿಮಗೆ ಏನೂ ಅನ್ನಿಸಲಿಲ್ವಾ?’ ಅಂತ ಕೇಳಿದೆ.

‘ಅನ್ಸಿತ್ತು ಮಾರಾಯ. ಮಾರ್ಚ್ ಏಳಕ್ಕೆ ಅಷ್ಟು ಮಳೆ ಬಿದ್ದಿದ್ರೆ ನಾನ್ಯಾಕೆ ಡೀಸೆಲ್ ಸುಟ್ಟು ಸ್ಪ್ರಿಂಕ್ಲರ್ ಓಡಿಸ್ತಿದ್ದೆ? ಆದ್ರೆ ಕಂಪ್ಯೂಟರಲ್ಲಿ ಬಂದಿದ್ದಲ್ವ, ಬೇರೆ ತೋಟದ್ದೆಲ್ಲ ಸೇರಿ ಹಂಗಾಗಿರ್ಬೇಕು ಅಂದ್ಕೊಂಡೆ.’

ಆಮೇಲೆ ಅವರೇ ಇನ್ನೊಂದು ಸೇರಿಸಿದರು. ‘ಆಶ್ಲೇಷ ಮಳೆನೂ ಹಂಗೆ. ನಮ್ ಪುಸ್ತಕದಲ್ಲಿ ಚೆನ್ನಾಗೇ ಇದೆ. ನಿಮ್ ಪಟ್ಟೀಲಿ ಮಾತ್ರ ಯಾವಾಗ್ಲೂ ಕಮ್ಮಿ.’ ಅದೂ ಸರಿ. ಆಶ್ಲೇಷ ಬರುವುದು ಆಗಸ್ಟ್ 3ರ ಸುಮಾರಿಗೆ, ಇರುವುದು 16ರವರೆಗೆ. ಅದರ ಹೆಚ್ಚು ದಿನ ಹನ್ನೆರಡರ ಒಳಗೇ ಇವೆ. ಆ ಜಾಗಕ್ಕೆ ಮಾರ್ಚ್ 8, ಏಪ್ರಿಲ್ 8, ನವೆಂಬರ್ 8ರ ಒಣ ದಿನಗಳು ಬಂದು ಕೂತರೆ ಕಮ್ಮಿ ಆಗದೆ ಇನ್ನೇನು? ಪುಷ್ಯ ಮಳೆ ಜುಲೈ 20ರ ಹೊತ್ತಿಗೆ ಶುರುವಾಗುವುದರಿಂದ ಬಹುಪಾಲು ಉಳಿದುಕೊಂಡಿತ್ತು.

ಈಗ ಆ ಎರಡನೇ ದಾರಿಯ ಮಾತಿಗೆ ಬರುತ್ತೇನೆ, ಎರರ್ ಹುಡುಕಿ ಉತ್ತರ ಅಂಟಿಸುವುದು. ಈ ತಾರೀಕಿನ ಎರರ್‌ಗೆ ಸುಲಭವಾಗಿ ಸಿಗುವ ಉತ್ತರಗಳು ಎರಡು. ಒಂದು, ‘ಎರರ್ಸ್’ ಎಂಬ ಕಡೆ ‘ಕೊಅರ್ಸ್’ ಅಂತ ಕೊಡಿ. ಕೊಟ್ಟರೆ ಅರ್ಥವಾಗದ ತಾರೀಕುಗಳೆಲ್ಲ ಖಾಲಿ ಆಗುತ್ತವೆ. ಎರರ್ ಹೋಗುತ್ತದೆ. ಜೊತೆಗೆ ಪ್ರತಿ ತಿಂಗಳ 13ರಿಂದ ಕೊನೆಯವರೆಗಿನ ಮಳೆಯೂ ಹೋಗುತ್ತದೆ, ಅಂದರೆ ಸರಿಯಾಗಿದ್ದ ದಿನಗಳು. ಉಳಿಯುವುದು ಹೆಚ್ಚುಕಡಿಮೆ ತಿರುಗಿಹೋದ ದಿನಗಳು ಮಾತ್ರ. ಇನ್ನೊಂದು, ಫಾರ್ಮ್ಯಾಟ್ ಕಡೆ ‘ಮಿಕ್ಸ್ಡ್’ ಅಂತ ಕೊಡಿ. ಪಾಂಡಾಸ್‌ನ ಎರರ್ ಮೆಸೇಜ್‌ನಲ್ಲೇ ಸಲಹೆಗಳ ಪಟ್ಟಿಯ ಕೊನೆಗೆ ಇದು ಬರುತ್ತದೆ, ದಿನ ಮೊದಲು ಅನ್ನುವ ಆಯ್ಕೆಯನ್ನೂ ಜೊತೆಗೆ ನೋಡಿ ಎಂಬ ಕಿವಿಮಾತಿನ ಸಮೇತ. ಆ ಕಿವಿಮಾತು ಬಿಟ್ಟು ‘ಮಿಕ್ಸ್ಡ್’ ಒಂದನ್ನೇ ಅಂಟಿಸಿದರೆ ಪ್ರತಿ ಸಾಲನ್ನೂ ಬೇರೆ ಬೇರೆ ಊಹಿಸುವ ಹಳೇ ನಡತೆ ವಾಪಸ್ ಬರುತ್ತದೆ. ಹಳೇ ರಿಪೋರ್ಟ್ ಜೊತೆ ಅಂಕಿಗಳು ಪೂರ್ತಿ ತಾಳೆಯಾಗುತ್ತವೆ. ಕೆಲಸ ಮುಗಿಯಿತು ಅಂತ ಲ್ಯಾಪ್‌ಟಾಪ್ ಮುಚ್ಚಬಹುದು. ಮಾರ್ಚ್ ಏಳರ ಮಳೆ ಮಾರ್ಚ್ ಏಳರಲ್ಲೇ ಇರುತ್ತದೆ.

ಎರರ್ ಅನ್ನು ಹೋಗಲಾಡಿಸುವುದಕ್ಕೂ ಅದು ಹೇಳುತ್ತಿರುವುದನ್ನು ಕೇಳುವುದಕ್ಕೂ ಇರುವ ವ್ಯತ್ಯಾಸ ನನಗೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿರಲಿಲ್ಲ. ಆ ಸೌಲಭ್ಯವನ್ನು ಅವರು ಬದಲಿಸಿದ್ದೇ ಇಂಥ ತಪ್ಪು ಆಗದಿರಲಿ ಅಂತ. 1.5.3ರಲ್ಲೂ ಇದಕ್ಕೆ ವಾರ್ನಿಂಗ್ ಇತ್ತು. ದಿನ ಮೊದಲು ಬರುವ ತಾರೀಕನ್ನು ಹಾಗೆ ಹೇಳದೆ ಕೊಟ್ಟಿದ್ದೀರಿ, ತಾರೀಕುಗಳು ಒಂದೊಂದು ಥರ ಓದಿಸಿಕೊಂಡಾವು, ಫಾರ್ಮ್ಯಾಟ್ ಕೊಡಿ ಅಂತ. ವಾರ್ನಿಂಗ್‌ಗಳ ಬಾಯಿ ಮುಚ್ಚಿಸುವ ಸಾಲು ಇರುವ ನೋಟ್‌ಬುಕ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಸರಿ ಮಾಡಿದ್ದು ಒಂದೇ ಸಾಲು. ದಿನ/ತಿಂಗಳು/ವರ್ಷ ಎಂದು ಫಾರ್ಮ್ಯಾಟ್ ಬರೆದು ಕೊಟ್ಟೆ. ಬರೀ ‘ದಿನ ಮೊದಲು’ ಅನ್ನುವ ಆಯ್ಕೆಯೂ ಇದೆ. ಆದರೆ ಅದು ಕಟ್ಟುನಿಟ್ಟಾದದ್ದಲ್ಲ, ಒಂದು ಒಲವು ಅಷ್ಟೇ. ಫಾರ್ಮ್ಯಾಟ್ ಬರೆದರೆ ಹೊಂದದ ಸಾಲು ಬಂದಾಗ ನಿಲ್ಲುತ್ತದೆ, ನನಗೆ ಅದೇ ಬೇಕು. ನಿಂತಿತು ಕೂಡ. ಒಂದು ತೋಟದ ಫೈಲ್‌ನಲ್ಲಿ ಕೆಲವು ತಾರೀಕುಗಳನ್ನು ಸ್ಲ್ಯಾಶ್ ಬದಲು ಚುಕ್ಕಿ ಹಾಕಿ ಟೈಪ್ ಮಾಡಿದ್ದರು. ಅವನ್ನು ಫೈಲ್‌ನಲ್ಲೇ ತಿದ್ದಿದೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆ. ಹೆಸರು ಬದಲಾದವು, ‘ಅಪೆಂಡ್’, ಗ್ರೂಪ್‌ಬೈ, ಇವನ್ನೆಲ್ಲ ಮೊದಲು ಮುಗಿಸಿ, ಎತ್ತಿಟ್ಟ ಹಳೇ ಫಲಿತಾಂಶದ ಜೊತೆ ಹೋಲಿಸಿ, ಒಂದು ಅಂಕಿಯೂ ಬದಲಾಗಿಲ್ಲ ಅಂತ ಖಚಿತ ಮಾಡಿಕೊಂಡು ಕಮಿಟ್ ಮಾಡಿದೆ, ಅಂದರೆ ಆ ಬದಲಾವಣೆಗಳನ್ನು ಒಂದು ಕಟ್ಟಾಗಿ ದಾಖಲಿಸಿದೆ. ತಾರೀಕಿನ ತಿದ್ದುಪಡಿ ಬೇರೆ ಕಮಿಟ್. ಅಲ್ಲಿ ಅಂಕಿ ಬದಲಾಗಲೇಬೇಕು, ಆದರೆ ವರ್ಷದ ಮೊತ್ತ ಬದಲಾಗಬಾರದು. ಹಾಗೇ ಆಯಿತು. ಎರಡನ್ನೂ ಕಲಸಿದ್ದರೆ ಯಾವ ಬದಲಾವಣೆ ಯಾವುದರಿಂದ ಬಂತು ಅಂತ ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಪೈಥಾನ್ 3.12, ಪಾಂಡಾಸ್ 2.2ಕ್ಕೆ ಹೋದದ್ದು ಹೆಚ್ಚು ಕಷ್ಟ ಆಗಲಿಲ್ಲ. ತಿಂಗಳವಾರು ಒಟ್ಟು ಮಾಡುವಾಗ ಬರೆಯುವ ‘ಎಮ್’ ಬದಲು ‘ಎಮ್ ಇ’ ಬರೆಯಿರಿ ಅಂತ ಹೊಸದೊಂದು ವಾರ್ನಿಂಗ್ ಬಂತು, ಬರೆದೆ. ನಂಪೈ 2.0, ಅಂದರೆ 2006ರ ನಂತರದ ಅವರ ಮೊದಲ ದೊಡ್ಡ ಬದಲಾವಣೆ, 2024ರ ಜೂನ್‌ನಲ್ಲಿ ಬಂದದ್ದು. ಅದರಲ್ಲಿ ಖಾಲಿ ಬೆಲೆಗೆ ಬಳಸುವ ‘ನ್ಯಾನ್’ ಅನ್ನು ಪೂರ್ತಿ ಸಣ್ಣ ಅಕ್ಷರದಲ್ಲೇ ಬರೆಯಬೇಕು. ದೊಡ್ಡ ಅಕ್ಷರ ಬೆರೆತದ್ದನ್ನು ತೆಗೆದಿದ್ದಾರೆ. ಎರರ್ ಮೆಸೇಜ್‌ನಲ್ಲೇ ಬದಲು ಏನು ಬರೆಯಬೇಕು ಅಂತ ಇರುತ್ತದೆ. ‘ರಫ್’ ಎಂಬ ಟೂಲ್‌ನಲ್ಲಿ ನಂಪೈ 2ಕ್ಕೆ ಅಂತಲೇ ಒಂದು ನಿಯಮ ಇದೆ, ಇಂಥವನ್ನು ಹುಡುಕಿ ತಾನೇ ತಿದ್ದುತ್ತದೆ.

ಈಗ ರಿಕ್ವೈರ್‌ಮೆಂಟ್ಸ್‌ನಲ್ಲಿ ಪ್ರತಿ ಲೈಬ್ರರಿಯ ಮುಂದೆ ವರ್ಷನ್ ಇದೆ. ಒಂದು ಸಣ್ಣ ಟೆಸ್ಟ್ ಫೈಲ್ ಕೂಡ ಇದೆ, ಅದರಲ್ಲಿ ಮಳೆ ಪುಸ್ತಕದಿಂದ ಕೈಯಾರೆ ನೋಡಿ ಬರೆದ ಕೆಲವು ದಿನಗಳಿವೆ. ಬೇಕೆಂದೇ 12ರ ಒಳಗಿನ ತಾರೀಕುಗಳನ್ನೇ ಆರಿಸಿದ್ದೇನೆ. 2019ರ ಆಗಸ್ಟ್ 9 ಅದರಲ್ಲಿ ಮೊದಲನೆಯದು. ಟೆಸ್ಟ್ ಓಡುವಾಗ ನಮ್ಮ ಕೋಡ್‌ನಿಂದ ಬರುವ ಯಾವ ವಾರ್ನಿಂಗ್ ಇದ್ದರೂ ಅದನ್ನು ಎರರ್ ಅಂತಲೇ ಲೆಕ್ಕ ಹಾಕುವ ಹಾಗೆ ಮಾಡಿದ್ದೇನೆ.

ಹಳೇ ಪಟ್ಟಿಗಳ ಪ್ರಿಂಟ್ ತೆಗೆದು ತೋಟದ ಆಫೀಸಿನಲ್ಲಿ ಅಂಟಿಸಿಕೊಂಡವರೂ ಇದ್ದರು. ಪ್ರತಿಯೊಬ್ಬರಿಗೂ ಹೊಸ ಪಟ್ಟಿ ಕಳಿಸಿ, ಯಾವ ಯಾವ ತಿಂಗಳ ಅಂಕಿ ಬದಲಾಗಿದೆ, ಯಾಕೆ ಅಂತ ಒಂದು ಪುಟದ ವಿವರಣೆಯನ್ನೂ ಇಟ್ಟೆವು. ಹೂಮಳೆ ಪಟ್ಟಿಯನ್ನು ಗೌಡರೇ ತಮ್ಮ ಪುಸ್ತಕ ಹಿಡಿದು ವರ್ಷ ವರ್ಷವೂ ತಾಳೆ ನೋಡುತ್ತಿದ್ದಾರೆ. ಎರಡು ವರ್ಷದ್ದು ಇನ್ನೂ ಬಾಕಿ ಇದೆ.